ಕಾರ್ಹಾರ್ಟ್ ಹಾಕದೇ ಬಿಟ್ಟ ರಸ್ತೆ

ಅಮೆರಿಕದ ಕೊಲರಾಡೋ ರಾಜ್ಯದಲ್ಲಿ ಟ್ರ್ಯಾಪರ್ಸ್ ಲೇಕ್ ಅಂತ ಒಂದು ಸರೋವರ ಇದೆ. ಅದರ ಸುತ್ತ ಹತ್ತಿರಹತ್ತಿರ ಐದು ಮೈಲಿಯ ಒಂದು ಕಾಲುದಾರಿ, ಹೆಸರು ಕಾರ್ಹಾರ್ಟ್ ಟ್ರೇಲ್. ನಮ್ಮ ಕಡೆ ರಸ್ತೆಗೆ ಯಾರದಾದರೂ ಹೆಸರಿದೆ ಅಂದರೆ ಒಂದೋ ಅವರು ದೊಡ್ಡ ಮನುಷ್ಯರಾಗಿರಬೇಕು, ಇಲ್ಲಾ ಟಾರು ಹಾಕಿಸಿದ ಶಾಸಕರಾಗಿರಬೇಕು :-) ಈ ದಾರಿಗೆ ಮಾತ್ರ, ರಸ್ತೆ ಹಾಕಲು ಅಳತೆ ಮಾಡಿ ಬಾ ಅಂತ ಕಳಿಸಿದರೆ ಅಳತೆ ಮುಗಿಸಿ ಬಂದು "ಇಲ್ಲಿ ರಸ್ತೆ ಬೇಡ" ಅಂದವನ ಹೆಸರಿದೆ. ಅವನ ಕಥೆ ಹೇಳೋಣ ಅಂತಲೇ ಇದನ್ನು ಬರೆಯಲು ಕೂತೆ. ಬರೆಯುತ್ತಾ ಹೋದಂತೆ ಅವನಿಗಿಂತ ಹಿಂದಿನವರ ಕಥೆಯೂ ಸೇರಿಕೊಂಡಿತು.

ಮೊದಲು ಜಾಗದ ಬಗ್ಗೆ ನಾಲ್ಕು ಮಾತು. ನಾನು ಕೆಲಸದ ಮೇಲೆ ಡೆನ್ವರ್ ಕಡೆ ಇದ್ದಾಗ ಎರಡು ಬೇಸಿಗೆ ಅಲ್ಲಿಗೆ ಹೋಗಿದ್ದೆ. ಮೀಕರ್ ಅನ್ನುವ ಸಣ್ಣ ಊರಿನಿಂದ ವೈಟ್ ರಿವರ್ ನದಿಯ ಗುಂಟ ಮೇಲಕ್ಕೆ ಸುಮಾರು 50 ಮೈಲಿ, ಕೊನೆಯದಷ್ಟು ಮಣ್ಣುರಸ್ತೆ. ಮೊಬೈಲ್ ಸಿಗ್ನಲ್ ಎಲ್ಲೋ ಹಿಂದೆಯೇ ಕೈಕೊಟ್ಟಿರುತ್ತದೆ. ಸರೋವರಕ್ಕಿಂತ ಸ್ವಲ್ಪ ಮೊದಲೇ ಕಾರು ನಿಲ್ಲಿಸಿ ನಡೆಯಬೇಕು. ನೀರಿನ ಮಟ್ಟವೇ ಸಮುದ್ರದಿಂದ 9,600 ಅಡಿ ಮೇಲಿದೆ. ಮುಳ್ಳಯ್ಯನಗಿರಿಯ ತುದಿ 6,300 ಅಡಿ ಚಿಲ್ಲರೆ ಅಂತ ನೆನಪಿಸಿಕೊಂಡರೆ ಮೊದಲ ಏರಿಗೇ ಏದುಸಿರು ಯಾಕೆ ಬರುತ್ತದೆ ಅಂತ ಗೊತ್ತಾಗುತ್ತದೆ. ಸುಮಾರು 300 ಎಕರೆ ನೀರು. ಕೊಲರಾಡೋದ ಸ್ವಾಭಾವಿಕ ಸರೋವರಗಳಲ್ಲಿ ಗ್ರ್ಯಾಂಡ್ ಲೇಕ್ ಬಿಟ್ಟರೆ ಇದೇ ದೊಡ್ಡದು. (ಕನ್ನಡದಲ್ಲಿ ಕೆರೆ ಅಂದ ಕೂಡಲೇ ಯಾರೋ ಕಟ್ಟಿಸಿದ್ದು, ಅದಕ್ಕೊಂದು ಏರಿ, ಒಂದು ತೂಬು ಎಲ್ಲ ಕಣ್ಣಿಗೆ ಬರುತ್ತದೆ. ಇದನ್ನು ಯಾರೂ ಕಟ್ಟಿಸಿಲ್ಲ. ಅದಕ್ಕೇ ಸರೋವರ ಅಂತ ಬರೆಯುತ್ತಿದ್ದೇನೆ.)

ದಕ್ಷಿಣಕ್ಕೆ ತಿರುಗಿದರೆ ಎದುರಿಗೆ ಗೋಡೆಯಂಥ ಬೆಟ್ಟ, ತುದಿಯನ್ನು ಯಾರೋ ಕತ್ತಿಯಲ್ಲಿ ಸಪಾಟು ಮಾಡಿದ ಹಾಗೆ. ಈ ಇಡೀ ಸೀಮೆಗೆ ಫ್ಲಾಟ್ ಟಾಪ್ಸ್ ಅನ್ನುವ ಹೆಸರು ಬಂದಿದ್ದೇ ಅದರಿಂದ. ಪದರ ಪದರವಾಗಿ ಹರಿದು ಗಟ್ಟಿಯಾದ ಲಾವಾ ಅದು, ನಮ್ಮ ಬೆಳಗಾವಿ ವಿಜಾಪುರದ ಕಡೆಯ ಕಪ್ಪುಕಲ್ಲಿನ ಜಾತಿಯದೇ. ಆಮೇಲೆ ಬಂದ ಹಿಮನದಿಗಳು ಅದನ್ನು ಕೊರೆದು ಬೋಗುಣಿ ಮಾಡಿದವು, ಬೋಗುಣಿಯಲ್ಲಿ ನೀರು ನಿಂತಿತು.

ದಾರಿ ಮಾತ್ರ ನೀವು ಕ್ಯಾಲೆಂಡರಿನಲ್ಲಿ ನೋಡಿದ ಕಾಡಿನಂತೆ ಇಲ್ಲ. ಎರಡೂ ಬದಿ ಸತ್ತು ನಿಂತ ಸ್ಪ್ರೂಸ್ ಮರಗಳು, ತೊಗಟೆ ಇಲ್ಲ, ಕೊಂಬೆ ಇಲ್ಲ, ಬೂದಿ ಬಣ್ಣದ ಕಂಬಗಳು. ಕೆಳಗೆ ಸೊಂಟದೆತ್ತರ ಗುಲಾಬಿ ಬಣ್ಣದ ಫೈರ್‌ವೀಡ್ ಹೂವು. ಎಲೆಗಳಿಲ್ಲದ್ದರಿಂದ ಗಾಳಿಗೆ ಸರಸರ ಶಬ್ದ ಬರುವುದಿಲ್ಲ, ಕಂಬಗಳ ನಡುವೆ ಸಣ್ಣಗೆ ಶಿಳ್ಳೆ ಹಾಕಿದ ಹಾಗೆ ಕೇಳುತ್ತದೆ. ಎಲ್ಲೋ ಮರಕುಟಿಗ. ಅದು ಬಿಟ್ಟರೆ ನಮ್ಮ ಹೆಜ್ಜೆಯ ಸದ್ದು. ಇಷ್ಟೊಂದು ಮರ ಯಾಕೆ ಸತ್ತವು ಅನ್ನುವುದಕ್ಕೆ ಆಮೇಲೆ ಬರುತ್ತೇನೆ.

ಈಗ 1919ಕ್ಕೆ ಹೋಗೋಣ. ಅಮೆರಿಕದ ಅರಣ್ಯ ಇಲಾಖೆ, ಅಂದರೆ ಫಾರೆಸ್ಟ್ ಸರ್ವಿಸ್, ಆಗಿನ್ನೂ ಎಳೆಯದು. ಶುರುವಾಗಿದ್ದು 1905ರಲ್ಲಿ. ಅದರ ಮೊದಲ ಮುಖ್ಯಸ್ಥ ಗಿಫರ್ಡ್ ಪಿಂಚಾಟ್. ಇವನು ಅರಣ್ಯಶಾಸ್ತ್ರ ಕಲಿಯಲು 1889ರಲ್ಲಿ ಯುರೋಪಿಗೆ ಹೋದಾಗ ಗುರುವಾಗಿ ಸಿಕ್ಕವನು ಡೀಟ್ರಿಚ್ ಬ್ರಾಂಡಿಸ್. ಯಾರೋ ಜರ್ಮನ್ ಬಿಡು ಅನ್ನಬೇಡಿ, 1864ರಲ್ಲಿ ಭಾರತದ ಅರಣ್ಯ ಇಲಾಖೆಯ ಮೊದಲ ಮಹಾನಿರೀಕ್ಷಕನಾದವನೇ ಈ ಬ್ರಾಂಡಿಸ್. ಹಾಗಾಗಿ ನಮ್ಮ ಫಾರೆಸ್ಟ್ ಡಿಪಾರ್ಟ್‌ಮೆಂಟಿಗೂ ಅವರದಕ್ಕೂ ಒಂದು ದೂರದ ನಂಟಸ್ತಿಕೆ ಇದೆ. ಎರಡಕ್ಕೂ ಕಾಡು ಅಂದರೆ ಲೆಕ್ಕ ಇಟ್ಟು ಬಳಸಬೇಕಾದ ಆಸ್ತಿ. ಇಷ್ಟು ಮರ, ಇಷ್ಟು ಹುಲ್ಲು, ಇಷ್ಟು ನೀರು, ಇಷ್ಟು ಆದಾಯ.

ಪಿಂಚಾಟ್ ಹೋದ ಮೇಲೆ ಇನ್ನೊಂದು ಬಾಬತ್ತು ಸೇರಿತು, ಪ್ರವಾಸಿಗರು. ಫೋರ್ಡ್ ಕಂಪನಿಯ ಅಗ್ಗದ ಕಾರು ಬಂದು ಸಾಮಾನ್ಯರೂ ಬೆಟ್ಟಕ್ಕೆ ಹೋಗುವಂತಾಯಿತು. 1915ರಲ್ಲಿ ಕೊಲರಾಡೋದಲ್ಲೇ ರಾಕಿ ಮೌಂಟನ್ ನ್ಯಾಶನಲ್ ಪಾರ್ಕ್ ಆಯಿತು, 1916ರಲ್ಲಿ ಪಾರ್ಕುಗಳಿಗೇ ಬೇರೆ ಇಲಾಖೆ ಹುಟ್ಟಿತು. ಚೆಂದದ ಜಾಗಗಳೆಲ್ಲ ಪಾರ್ಕಿನವರ ಪಾಲಾಗುತ್ತವಲ್ಲ ಅಂತ ಫಾರೆಸ್ಟ್ ಸರ್ವಿಸ್ಸಿಗೆ ಸಂಕಟ. ಇತ್ತ 1915ರಲ್ಲೇ ಒಂದು ಕಾನೂನು ಬಂದು, ಕಾಡಿನೊಳಗಿನ ಸಣ್ಣ ಸೈಟುಗಳನ್ನು ಬೇಸಿಗೆ ಮನೆ ಕಟ್ಟಿಕೊಳ್ಳಲು 30 ವರ್ಷದವರೆಗೆ ಗುತ್ತಿಗೆ ಕೊಡಬಹುದು ಅಂತಾಯಿತು. ಇಲಾಖೆಗೆ ಬಾಡಿಗೆ, ಜನಕ್ಕೆ ಲೇಕ್ ವ್ಯೂ. ಬೆಂಗಳೂರಿನ ಹೊರಗಡೆಯ ಲೇಔಟ್ ಜಾಹೀರಾತು ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಕೆಲಸಕ್ಕೆ ಅಂತಲೇ ಡೆನ್ವರ್ ಆಫೀಸಿಗೆ 1919ರಲ್ಲಿ ಒಬ್ಬ ಹೊಸಬ ಸೇರಿದ. ಆರ್ಥರ್ ಕಾರ್ಹಾರ್ಟ್, ಅಯೋವಾ ರಾಜ್ಯದವನು, ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್ ಓದಿದವನು. ಫಾರೆಸ್ಟ್ ಸರ್ವಿಸ್ಸಿನಲ್ಲಿ ಆ ಓದಿನ ಪೂರ್ಣಾವಧಿ ನೌಕರ ಇವನೇ ಮೊದಲು, ಹುದ್ದೆಯ ಹೆಸರು ರಿಕ್ರಿಯೇಶನ್ ಎಂಜಿನಿಯರ್. ಹುಟ್ಟಿದ್ದು 1892ರ ಸೆಪ್ಟೆಂಬರಿನಲ್ಲಿ, ಅಂದರೆ ಆ ಬೇಸಿಗೆಯಲ್ಲಿ 26 ವರ್ಷ. ನಮ್ಮಲ್ಲಿ ಬಹಳ ಜನರ ವಯಸ್ಸು, ಅಥವಾ ಇನ್ನೂ ಚಿಕ್ಕವನು. ಅವನಿಗೆ ಕೊಟ್ಟ ಮೊದಲ ದೊಡ್ಡ ಕೆಲಸಗಳಲ್ಲೊಂದು ಇದು: ಟ್ರ್ಯಾಪರ್ಸ್ ಲೇಕಿಗೆ ಹೋಗು, ದಂಡೆಯ ಸುತ್ತ ಬೇಸಿಗೆ ಮನೆಗಳ ಸೈಟು ಗುರುತು ಮಾಡು, ಸುತ್ತ ಒಂದು ರಸ್ತೆಯ ನಕ್ಷೆ ಹಾಕು.

ಹೋದ. ಅಲ್ಲೇ ಕ್ಯಾಂಪಿನಲ್ಲಿ ಉಳಿದು ಅಳತೆ ಶುರು ಮಾಡಿದ. ಅದೇ ಕ್ಯಾಂಪಿನಲ್ಲಿ ಪಾಲ್ ರೇನಿ, ವಿಲಿಯಂ ಮೆಕ್‌ಫ್ಯಾಡನ್ ಅನ್ನುವ ಇಬ್ಬರು ಶ್ರೀಮಂತರು ಬೇಟೆ, ಮೀನು ಅಂತ ಬಂದು ಉಳಿದಿದ್ದರು. ರೇನಿ ಆಫ್ರಿಕಾದಲ್ಲಿ ದೊಡ್ಡ ಪ್ರಾಣಿಗಳ ಬೇಟೆಯಾಡಿ ಅದನ್ನು ಸಿನಿಮಾ ಮಾಡಿಸಿ ಹೆಸರಾದವನು. ಸಂಜೆ ಹೊತ್ತು ಈ ಹುಡುಗನನ್ನು ಕೂರಿಸಿಕೊಂಡು, ಇಂಥ ಜಾಗದಲ್ಲಿ ಮನೆ ಕಟ್ಟಿಸುವುದು ಸರಿಯಾ ಅಂತ ಇಬ್ಬರೂ ವಾದಕ್ಕೆ ಇಳಿದರು. ಈ ಮಾತುಕತೆಯನ್ನು ಕಾರ್ಹಾರ್ಟನೇ ಮುಂದೆ ನೆನೆಸಿಕೊಂಡಿದ್ದಾನೆ. ಇಲ್ಲೊಂದು ತಮಾಷೆ ಇದೆ. ಮನೆಗಳು ಬೇಡ ಅಂದವರು, ಮನೆ ಇಲ್ಲದಿದ್ದರೂ ಕುದುರೆ, ಗೈಡು, ಅಡುಗೆಯವನ ಸಮೇತ ಅಲ್ಲಿಗೆ ಬಂದು ಉಳಿಯಬಲ್ಲವರು!

ಆದರೆ ಕಾರ್ಹಾರ್ಟ್ ಮಾತು ಕೇಳಿ ತಲೆದೂಗಿ ಸುಮ್ಮನಾಗಲಿಲ್ಲ. ಕೆಲಸವನ್ನು ಅರ್ಧಕ್ಕೆ ಬಿಟ್ಟು ಕ್ರಾಂತಿಯನ್ನೂ ಮಾಡಲಿಲ್ಲ. ಸರ್ವೇ ಪೂರ್ತಿ ಮುಗಿಸಿದ, ಡೆನ್ವರಿಗೆ ಬಂದ, ತನ್ನ ಮೇಲಧಿಕಾರಿ ಕಾರ್ಲ್ ಸ್ಟಾಲ್‌ಗೆ ಹೇಳಿದ: ಮನೆ ಬೇಡ, ಸುತ್ತು ರಸ್ತೆ ಬೇಡ, ಇದ್ದ ಹಾಗೇ ಇರಲಿ. ನನಗೆ ಈ ಕಥೆಯಲ್ಲಿ ತುಂಬಾ ಇಷ್ಟವಾಗುವ ಭಾಗ ಇದು. ರಿಕ್ವೈರ್‌ಮೆಂಟ್ ಬಂದಿದೆ, ಡಿಸೈನ್ ಮುಗಿದಿದೆ, ಎಸ್ಟಿಮೇಟ್ ರೆಡಿ, ಕೊನೆಯ ಪುಟದಲ್ಲಿ "ಇದನ್ನು ಕಟ್ಟಬೇಡಿ" ಅಂತ ಬರೆಯುವುದು. ನಮ್ಮ ಕೆಲಸದಲ್ಲಿ ಹಾಗೆ ಬರೆದ ಒಂದು ಡಾಕ್ಯುಮೆಂಟನ್ನೂ ನಾನು ಇದುವರೆಗೆ ನೋಡಿಲ್ಲ. ಅದಕ್ಕಿಂತ ಅಪರೂಪ ಸ್ಟಾಲ್. ಕೆಲಸಕ್ಕೆ ಸೇರಿ ವರ್ಷವೂ ಆಗದ ಹುಡುಗನ ಮಾತು ಕೇಳಿ, ಇರಲಿ ನೋಡೋಣ ಅಂದ ಮ್ಯಾನೇಜರ್. ಇತಿಹಾಸದಲ್ಲಿ ಅವನ ಹೆಸರಿನ ಟ್ರೇಲ್ ಇಲ್ಲ, ಇರಬೇಕಿತ್ತು.

ಅದೇ ವರ್ಷ ಡಿಸೆಂಬರ್ 6ರಂದು ಇನ್ನೊಬ್ಬ ಅರಣ್ಯಾಧಿಕಾರಿ ಕಾರ್ಹಾರ್ಟನನ್ನು ನೋಡಲು ನ್ಯೂ ಮೆಕ್ಸಿಕೋದಿಂದ ಡೆನ್ವರಿಗೆ ಬಂದ. ಅವನ ಹೆಸರು ಆಲ್ಡೋ ಲಿಯೋಪೋಲ್ಡ್. ಪರಿಸರದ ಬಗ್ಗೆ ಓದುವವರಿಗೆ ಈ ಹೆಸರು ಗೊತ್ತಿರುತ್ತದೆ. ಆಗ ಅವನೂ ಬರೀ ಅಧಿಕಾರಿ, ತನ್ನ ಕಡೆಯ ಕಾಡುಗಳಲ್ಲೂ ರಸ್ತೆಗಳು ನುಗ್ಗುತ್ತಿರುವುದನ್ನು ನೋಡಿ ಚಿಂತೆಗೆ ಬಿದ್ದಿದ್ದವನು. ಇಬ್ಬರೂ ಮಾತಾಡಿದ್ದನ್ನು ಕಾರ್ಹಾರ್ಟ್ ಡಿಸೆಂಬರ್ 10ಕ್ಕೆ ಒಂದು ಮೆಮೊ ಮಾಡಿ ಲಿಯೋಪೋಲ್ಡನಿಗೆ ಕಳಿಸಿದ. ಅದರ ತಿರುಳು ಇಷ್ಟು. ಸರೋವರದ ದಂಡೆ, ಬೆಟ್ಟದ ತುದಿ ಇವಕ್ಕೆಲ್ಲ ಒಂದು ಲೆಕ್ಕ ಇದೆ, ಹೊಸದಾಗಿ ಹುಟ್ಟುವುದಿಲ್ಲ. ದಂಡೆಯಲ್ಲಿ ಕೆಲವರಿಗೆ ಮನೆ ಕೊಟ್ಟರೆ ಎಲ್ಲರಿಗೂ ಸೇರಿದ್ದು ಆ ಕೆಲವರದ್ದಾಗುತ್ತದೆ. ಒಮ್ಮೆ ಕಟ್ಟಿದ ಮೇಲೆ ಮೊದಲಿನಂತೆ ಮಾಡಲು ಆಗುವುದಿಲ್ಲ. ಹಾಗಾಗಿ ಎಲ್ಲಿಯವರೆಗೆ ಕಟ್ಟಬೇಕು ಅನ್ನುವುದಕ್ಕೆ ಇಲಾಖೆ ಒಂದು ಗೆರೆ ಎಳೆಯಬೇಕು.

ಗಮನಿಸಿ, ಇವನು ಮನುಷ್ಯರೇ ಕಾಡಿಗೆ ಬರಬಾರದು ಅನ್ನುವವನಲ್ಲ. ಸ್ಯಾನ್ ಇಸಬೆಲ್ ಕಾಡಿನಲ್ಲಿ ಬಡ ಕಾರ್ಮಿಕರೂ ಬಂದು ಉಳಿಯಲಿ ಅಂತ ಕ್ಯಾಂಪ್‌ಗ್ರೌಂಡುಗಳ ಯೋಜನೆ ಹಾಕಿದವನು ಇವನೇ. ಅವನ ತಕರಾರು ಇದ್ದಿದ್ದು ಖಾಸಗಿ ಬೇಲಿಯ ಬಗ್ಗೆ.

1920ರಲ್ಲಿ ಟ್ರ್ಯಾಪರ್ಸ್ ಲೇಕಿನ ಸುತ್ತ ಏನೂ ಕಟ್ಟುವುದಿಲ್ಲ ಅಂತ ತೀರ್ಮಾನವಾಯಿತು. ಆ ಕಾರಣಕ್ಕೆ ಇವತ್ತು ಈ ಜಾಗವನ್ನು ವಿಲ್ಡರ್ನೆಸ್ಸಿನ ತೊಟ್ಟಿಲು ಅಂತ ಕರೆಯುತ್ತಾರೆ. 1924ರಲ್ಲಿ ಲಿಯೋಪೋಲ್ಡನ ಪ್ರಯತ್ನದಿಂದ ನ್ಯೂ ಮೆಕ್ಸಿಕೋದ ಗೀಲಾದಲ್ಲಿ ಇದೇ ವಿಚಾರ ದೊಡ್ಡ ಮಟ್ಟದಲ್ಲಿ ಜಾರಿಗೆ ಬಂತು. ಮೊದಲು ಹೊಳೆದಿದ್ದು ಯಾರಿಗೆ ಅಂತ ಇಬ್ಬರ ಅಭಿಮಾನಿಗಳೂ ಜಗಳ ಆಡುತ್ತಾರೆ. ನಮ್ಮ ಸಾಹಿತ್ಯ ಚರ್ಚೆಗಳ ಹಾಗೆ ಅದು ಮುಗಿಯುವುದಿಲ್ಲ, ಬಿಡಿ. ಕಾರ್ಹಾರ್ಟ್ ಅಂತೂ 1922ರ ಕೊನೆಗೆ, ಈ ಕೆಲಸಕ್ಕೆ ಸರ್ಕಾರ ದುಡ್ಡು ಕೊಡುವುದಿಲ್ಲ ಅಂತ ಬೇಸತ್ತು ರಾಜೀನಾಮೆ ಕೊಟ್ಟ. ಆಮೇಲೆ ಕಥೆ, ಲೇಖನ, ಪುಸ್ತಕ ಬರೆದುಕೊಂಡು ಬಹುಕಾಲ ಬದುಕಿ 1978ರಲ್ಲಿ ತೀರಿಕೊಂಡ.

ಇಲಾಖೆಯ ಆದೇಶವನ್ನು ಇನ್ನೊಬ್ಬ ಅಧಿಕಾರಿ ಬಂದು ಬದಲಿಸಬಹುದು. ಅದಕ್ಕೇ ಕಾನೂನು ಬೇಕಾಯಿತು. ಹೊವಾರ್ಡ್ ಝಾನೈಸರ್ ಅನ್ನುವವನು 1956ರಿಂದ ಎಂಟು ವರ್ಷ ಇದರ ಹಿಂದೆ ಬಿದ್ದ. ಕರಡನ್ನು 66 ಸಲ ತಿದ್ದಿದರು, 18 ವಿಚಾರಣೆಗಳಾದವು. ಕೊನೆಗೆ 1964ರ ಸೆಪ್ಟೆಂಬರ್ 3ರಂದು ಅಧ್ಯಕ್ಷ ಜಾನ್ಸನ್ ಸಹಿ ಹಾಕಿದಾಗ ನೋಡಲು ಝಾನೈಸರ್ ಇರಲಿಲ್ಲ, ನಾಲ್ಕು ತಿಂಗಳ ಹಿಂದೆ ಸತ್ತಿದ್ದ. ಶುರುವಿಗೆ 91 ಲಕ್ಷ ಎಕರೆ ಇದ್ದದ್ದು ಈಗ 11 ಕೋಟಿ ಎಕರೆ ದಾಟಿದೆ. ಕರ್ನಾಟಕದಂಥ ಎರಡು ರಾಜ್ಯಗಳಿಗಿಂತ ಹೆಚ್ಚು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಅಲಾಸ್ಕಾದಲ್ಲಿ. ಟ್ರ್ಯಾಪರ್ಸ್ ಲೇಕ್ ಇರುವ ಫ್ಲಾಟ್ ಟಾಪ್ಸ್ ವಿಲ್ಡರ್ನೆಸ್ ಆಗಿದ್ದು 1975ರ ಡಿಸೆಂಬರಿನಲ್ಲಿ, ಸುಮಾರು 2,35,000 ಎಕರೆ. ಅಲ್ಲಿ ಮೋಟಾರು ಇಲ್ಲ, ಸೈಕಲ್ ಕೂಡ ಇಲ್ಲ. ದಾರಿಗೆ ಮರ ಬಿದ್ದರೆ ಇಲಾಖೆಯವರು ಇಬ್ಬರು ಹಿಡಿದು ಎಳೆಯುವ ಉದ್ದದ ಗರಗಸದಲ್ಲೇ ಕೊಯ್ಯುತ್ತಾರೆ.

ಮರ ಬೀಳುವುದಂತೂ ನಿಲ್ಲುವುದಿಲ್ಲ. 1939ರಲ್ಲಿ ದೊಡ್ಡ ಬಿರುಗಾಳಿ ಬಂದು ಈ ಸೀಮೆಯ ಎಷ್ಟೋ ಸ್ಪ್ರೂಸ್ ಮರಗಳು ಉರುಳಿದವು. ಬಿದ್ದ ಮರದಲ್ಲಿ ತೊಗಟೆ ಕೊರೆಯುವ ಒಂದು ದುಂಬಿ ಹೆಚ್ಚಿಕೊಂಡು ನಿಂತ ಮರಗಳಿಗೂ ಹತ್ತಿತು, ಸುಮಾರು ಹತ್ತು ವರ್ಷದಲ್ಲಿ ಕಾಡಿಗೆ ಕಾಡೇ ಒಣಗಿ ನಿಂತಿತು. ಹಾಗೆ ಒಣಗಿದ್ದಕ್ಕೆ 2002ರ ಜುಲೈನಲ್ಲಿ ಸಿಡಿಲು ಬಡಿಯಿತು. ಸಿಡಿಲಿನ ಬೆಂಕಿ ಅಲ್ಲವೇ, ವಿಲ್ಡರ್ನೆಸ್ಸಿನಲ್ಲಿ ಅದಕ್ಕೂ ಹಕ್ಕಿದೆ ಅಂತ ಮೊದಲಿಗೆ ಉರಿಯಲು ಬಿಟ್ಟರು. ಆಗಸ್ಟಿನಲ್ಲಿ ಗಾಳಿ ಎದ್ದು ಅದು ಸರೋವರದ ಸುತ್ತ ಹಬ್ಬಿತು, ವಿಲ್ಡರ್ನೆಸ್ಸಿನ ಗಡಿಯಾಚೆ ಇದ್ದ ಹಳೆಯ ಲಾಡ್ಜನ್ನೂ ಸುಟ್ಟುಹಾಕಿತು. ಒಟ್ಟು ಸುಮಾರು 17,000 ಎಕರೆ. ಲಾಡ್ಜನ್ನು ಆಮೇಲೆ ಮತ್ತೆ ಕಟ್ಟಿದ್ದಾರೆ. ದಾರಿಯುದ್ದಕ್ಕೂ ನಾನು ನೋಡಿದ ಬೂದು ಕಂಬಗಳು ಆ ಬೆಂಕಿಯವು. ಇದ್ದ ಹಾಗೇ ಇರಲಿ ಅಂತ ಬಿಟ್ಟರೂ ಕಾಡು ಇದ್ದ ಹಾಗೇ ಇರುವುದಿಲ್ಲ, ಕಾರ್ಹಾರ್ಟ್ ನೋಡಿದ ಹಸಿರು ಕಾಡನ್ನು ಈಗ ಯಾರೂ ನೋಡಲಾರರು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ. 1919ರಲ್ಲಿ ಆ ದಂಡೆ ಅಷ್ಟು ಖಾಲಿ ಯಾಕಿತ್ತು? ಇಷ್ಟು ನೀರು, ಮೀನು, ಎಲ್ಕ್, ಜಿಂಕೆ ಇರುವಲ್ಲಿ ಯಾರೂ ಇರಲಿಲ್ಲವಾ?

ಇದ್ದರು. ಇದು ಯೂಟ್ ಜನರ ನೆಲ. ಚಳಿಗಾಲದಲ್ಲಿ ಕೆಳಗಿನ ಕಣಿವೆ, ಬೇಸಿಗೆಯಲ್ಲಿ ಬೇಟೆಗೆ ಮೇಲಿನ ಈ ಸಪಾಟು ಬೆಟ್ಟಗಳು. ಫ್ಲಾಟ್ ಟಾಪ್ಸ್ ಮೇಲೆ ಅವರು ಓಡಾಡಿದ ದಾರಿಯ ಗುರುತುಗಳು ಇವತ್ತಿಗೂ ಇವೆ. 1868ರ ಒಪ್ಪಂದದಲ್ಲಿ ಪಶ್ಚಿಮ ಕೊಲರಾಡೋದ ಬಹುಭಾಗ ಅವರದ್ದು ಅಂತ ಸರ್ಕಾರವೇ ಬರೆದುಕೊಟ್ಟಿತ್ತು. 1878ರಲ್ಲಿ ವೈಟ್ ರಿವರ್ ಯೂಟರ ಮೇಲ್ವಿಚಾರಣೆಗೆ ನೇಥನ್ ಮೀಕರ್ ಅನ್ನುವ ಏಜೆಂಟ್ ಬಂದ. ಅವನಿಗೆ ಒಂದೇ ಹಠ: ಇವರು ಕುದುರೆ, ಬೇಟೆ ಬಿಟ್ಟು ಹೊಲ ಉಳಬೇಕು. ಯೂಟರು ಕುದುರೆ ಮೇಯಿಸುತ್ತಿದ್ದ, ಓಡಿಸುತ್ತಿದ್ದ ಬಯಲಿಗೇ ನೇಗಿಲು ಹೂಡಿಸಿದ. ಜಗಳವಾಯಿತು, ಮೀಕರ್ ಸೈನ್ಯ ಕರೆಸಿದ. 1879ರ ಸೆಪ್ಟೆಂಬರ್ 29ರಂದು ಮಿಲ್ಕ್ ಕ್ರೀಕ್ ಹತ್ತಿರ ಸೈನ್ಯಕ್ಕೂ ಯೂಟರಿಗೂ ಕಾಳಗವಾಗಿ ಮೇಜರ್ ಥಾರ್ನ್‌ಬರ್ಗ್ ಸತ್ತ. ಅದೇ ದಿನ ಏಜೆನ್ಸಿಯಲ್ಲಿ ಮೀಕರ್ ಮತ್ತವನ ಹತ್ತು ಜನ ಕೆಲಸಗಾರರನ್ನು ಯೂಟರು ಕೊಂದರು.

ಯೂಟರನ್ನು ಓಡಿಸಿ ಅಂತ ಮೊದಲೇ ಕೂಗುತ್ತಿದ್ದ ಕೊಲರಾಡೋದ ಪತ್ರಿಕೆಗಳಿಗೆ, ರಾಜಕಾರಣಿಗಳಿಗೆ ನೆಪ ಸಿಕ್ಕಿತು. 1880ರಲ್ಲಿ ಕಾನೂನು ಆಯಿತು, 1881ರಲ್ಲಿ ವೈಟ್ ರಿವರ್ ಯೂಟರನ್ನು ಯೂಟಾಕ್ಕೆ ಸಾಗಿಸಿದರು. 1887ರಲ್ಲಿ ಕೊಲರೋ ಅನ್ನುವ ಅವರ ಮುಖಂಡನ ಜೊತೆ ಒಂದಷ್ಟು ಜನ ಹಳೆಯ ಜಾಗಕ್ಕೆ ಬೇಟೆಗೆ ಬಂದಿದ್ದಾಗ, ಬೇಟೆ ನಿಯಮ ಮುರಿದರು, ಕುದುರೆ ಕದ್ದರು ಅಂತ ಆರೋಪ ಹೊರಿಸಿ ಶೆರಿಫ್ ಮತ್ತು ರಾಜ್ಯದ ಪಡೆ ಸೇರಿ ಗುಂಡು ಹಾರಿಸಿ ವಾಪಸ್ ಅಟ್ಟಿದರು. ಅವರ ಅಜ್ಜಂದಿರ ಕಾಲದಿಂದ ಊಟವಾಗಿದ್ದು ಅಷ್ಟರಲ್ಲಿ ಅಪರಾಧವಾಗಿತ್ತು. ಇನ್ನು ನಾಲ್ಕೇ ವರ್ಷಕ್ಕೆ, 1891ರ ಅಕ್ಟೋಬರ್ 16ರಂದು, ಅಧ್ಯಕ್ಷ ಹ್ಯಾರಿಸನ್ ಇಲ್ಲಿನ ಸುಮಾರು 12 ಲಕ್ಷ ಎಕರೆಯನ್ನು ರಕ್ಷಿತ ಅರಣ್ಯ ಅಂತ ಘೋಷಿಸಿದ. ಇಡೀ ದೇಶದಲ್ಲಿ ಅಂಥದ್ದು ಎರಡನೆಯದು.

ಯೂಟರು ಹೋಗಿ 38 ವರ್ಷಕ್ಕೆ ಕಾರ್ಹಾರ್ಟ್ ಬಂದ. ಅವನ ಕಣ್ಣಿಗೆ ಮನುಷ್ಯರ ಕೈ ಸೋಕದ ಜಾಗ ಕಂಡಿತು. 1964ರ ಕಾನೂನೂ ಅದೇ ಕಣ್ಣಿನಿಂದ ಬರೆದದ್ದು. ಅದರ ಪ್ರಕಾರ ವಿಲ್ಡರ್ನೆಸ್ಸಿನಲ್ಲಿ ಮನುಷ್ಯ ಬಂದು ಹೋಗುವ ಅತಿಥಿ, ಉಳಿಯುವವನಲ್ಲ. ಕೆಳಗಿನ ಊರಿಗೆ ಮೀಕರನ ಹೆಸರು, ದಾರಿಗೆ ಕಾರ್ಹಾರ್ಟನ ಹೆಸರು, ಸರೋವರಕ್ಕೆ ತುಪ್ಪಟಕ್ಕಾಗಿ ಬಲೆ ಒಡ್ಡಲು ಬಂದವರ ಹೆಸರು.

ಈ ಮಾತನ್ನು ಗಟ್ಟಿಯಾಗಿ ಹೇಳಿದವರಲ್ಲಿ ಮೊದಲಿಗರು ನಮ್ಮವರು, ಈಗ ಬೆಂಗಳೂರಿನಲ್ಲೇ ಇರುವ ರಾಮಚಂದ್ರ ಗುಹಾ. ಎಂಬತ್ತರ ದಶಕದಲ್ಲಿ ಅಮೆರಿಕದ ಯೇಲ್‌ನಲ್ಲಿ ಪಾಠ ಮಾಡಿ ಬಂದ ಅವರು 1989ರಲ್ಲಿ ಅಲ್ಲಿನದೇ ಪತ್ರಿಕೆಯೊಂದರಲ್ಲಿ ಒಂದು ಲೇಖನ ಬರೆದರು. ವಿಶಾಲವಾದ, ಕಡಿಮೆ ಜನರ ದೇಶದಲ್ಲಿ ಹುಟ್ಟಿದ ಈ ವಿಲ್ಡರ್ನೆಸ್ ಕಲ್ಪನೆಯನ್ನು ಭಾರತದಂಥ ದೇಶಕ್ಕೆ ತಂದು ನೆಟ್ಟರೆ ಕಾಡು ಬಡವರ ಕೈತಪ್ಪಿ ಉಳ್ಳವರ ಕೈಗೆ ಹೋಗುತ್ತದೆ ಅನ್ನುವುದು ಅದರ ವಾದ. ಹುಲಿ ಯೋಜನೆಗಾಗಿ ಊರು ಬಿಟ್ಟವರು ಅವರ ಉದಾಹರಣೆ. ವಿಲಿಯಂ ಕ್ರೋನನ್ ಅನ್ನುವ ಅಮೆರಿಕದ ಇತಿಹಾಸಕಾರ 1995ರಲ್ಲಿ, ಖಾಲಿ ಕಾಡು ಅನ್ನುವುದು ಅಲ್ಲಿದ್ದವರನ್ನು ತೆಗೆದ ಮೇಲೆ ಮಾಡಿಕೊಂಡ ಚಿತ್ರ ಅಂತ ಬರೆದಾಗ ಅಲ್ಲಿಯವರಿಗೂ ಬಿಸಿ ಮುಟ್ಟಿತು.

ನಾಗರಹೊಳೆಯ ಜೇನುಕುರುಬರಿಗೆ ಇದನ್ನು ಲೇಖನ ಓದಿ ತಿಳಿಯಬೇಕಾಗಿರಲಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೂ ಹಾಡಿಗಳ ಅರ್ಜಿಗಳು ಓಡಾಡುತ್ತಲೇ ಇದ್ದವು. 2025ರ ಮೇ ತಿಂಗಳಲ್ಲಿ ಐವತ್ತರಷ್ಟು ಜೇನುಕುರುಬ ಕುಟುಂಬಗಳು, ಇದು ನಮ್ಮ ಹಿರಿಯರ ಹಾಡಿ ಅಂತ ಕಾಡಿನೊಳಗಿನ ಕರಡಿಕಲ್ಲಿಗೆ ವಾಪಸ್ ಹೋಗಿ ಗುಡಿಸಲು ಹಾಕಿದರು.

ಹಾಗಾದರೆ ಕಾರ್ಹಾರ್ಟ್ ಮಾಡಿದ್ದು ತಪ್ಪಾ? ನನಗೆ ಹಾಗನ್ನಿಸುವುದಿಲ್ಲ. ಅವನು ಹ್ಞೂಂ ಅಂದಿದ್ದರೆ ಜಾಗ ಯೂಟರಿಗೇನೂ ವಾಪಸ್ ಹೋಗುತ್ತಿರಲಿಲ್ಲ, ಡೆನ್ವರಿನ ದುಡ್ಡಿದ್ದವರ ಹಿತ್ತಿಲಾಗುತ್ತಿತ್ತು. ಎಲ್ಲರದ್ದನ್ನು ಕೆಲವರಿಗೆ ಕೊಡಬೇಡಿ ಅಂದಿದ್ದು ಸರಿಯೇ. ಆದರೆ ಆ "ಎಲ್ಲರು" ಅನ್ನುವುದರಲ್ಲಿ ಯೂಟಾಕ್ಕೆ ಅಟ್ಟಲ್ಪಟ್ಟವರು ಸೇರಿರಲಿಲ್ಲ. ವಿಸಾ ಹಿಡಿದು ಬಂದ ನಾನು ಮಾತ್ರ ಬೆನ್ನಿಗೆ ಚೀಲ ಹಾಕಿಕೊಂಡು ಆರಾಮವಾಗಿ ಒಂದು ಸುತ್ತು ಹಾಕಿ ಬಂದೆ. ಯಾರೂ ಕೇಳಲಿಲ್ಲ.

ಇದನ್ನು ಓದುತ್ತಿರುವವರಲ್ಲಿ ಲಕ್ಕವಳ್ಳಿ, ಮುತ್ತೋಡಿ ಕಡೆಯವರು ಇದ್ದರೆ ಒಂದು ಕೋರಿಕೆ. 2001-02ರಲ್ಲಿ ಭದ್ರಾ ಅಭಯಾರಣ್ಯದ ಒಳಗಿನ ಹಳ್ಳಿಗಳಿಂದ ನಾನೂರಕ್ಕೂ ಹೆಚ್ಚು ಕುಟುಂಬಗಳು ಹೊರಬಂದು ಎಂ.ಸಿ. ಹಳ್ಳಿ, ಕೆಳಗೂರು ಕಡೆ ನೆಲೆಸಿದವು. ದೇಶಕ್ಕೇ ಮಾದರಿ ಸ್ಥಳಾಂತರ ಅಂತ ಅದನ್ನು ಹೊಗಳುತ್ತಾರೆ. ಗದ್ದೆ, ಮನೆ, ಶಾಲೆ ಸಿಕ್ಕ ಬಗ್ಗೆ ಓದಿದ್ದೇನೆ. ಬಿಟ್ಟು ಬಂದ ಊರುಗಳ ಬಗ್ಗೆ, ಅಲ್ಲಿನ ಕೆರೆ, ದೇವಸ್ಥಾನ, ದಾರಿಗಳ ಹೆಸರುಗಳ ಬಗ್ಗೆ ನಿಮ್ಮ ಮನೆಯ ಹಿರಿಯರು ಏನಾದರೂ ಹೇಳುತ್ತಿದ್ದರೆ ಬರೆಯಿರಿ. ಆ ಹೆಸರುಗಳು ಇನ್ನೂ ಯಾರ ಬಾಯಲ್ಲಾದರೂ ಇರಬೇಕು.